ಸತ್ತವನ ಸಹಿ, ಮೂರು ಡಜನ್ ಪಿರೋಗಿ

“ನನ್ನ ಸ್ಟೀಫನ್ ಸಹಿ ಮಾಡಿಲ್ಲ ಬ್ಯಾಸಿಲ್. ಅವನು ಸತ್ತು ನಾಲ್ಕು ವರ್ಷ ಆಯ್ತಲ್ಲ,” ಎಂದಳು ಪೌಲಿನ್ ಹುಡಾಕ್, ನನ್ನ ಮುಂದೆ ಕಾಫಿ ಇಡುತ್ತ. “ಆದ್ರೆ ಉಪವಾಸದ ಶುಕ್ರವಾರ ಬಂತು ಅಂದ್ರೆ ಮೂರು ಡಜನ್ ಪಿರೋಗಿ ಮಾತ್ರ ತಪ್ಪದೆ ತರಿಸ್ತಾನೆ.”

ನಾನು ನಕ್ಕೆ. ಅವಳು ನಗಲಿಲ್ಲ.

“ಸತ್ತವನು ಕಡುಬು ತರಿಸ್ತಾನಾ?”

“ಚರ್ಚ್ ಅಡುಗೆಮನೆಗೆ ಫೋನ್ ಮಾಡಿ ‘ಹುಡಾಕ್ ಸ್ಟೀಫನ್, ಮೂರು ಡಜನ್, ಆಲೂಗಡ್ಡೆ ಹೂರಣದ್ದು’ ಅಂತೀನಿ. ನಲವತ್ತು ವರ್ಷದಿಂದ ಹಾಗೇ ಹೇಳ್ಕೊಂಡು ಬಂದಿದೀನಿ. ಈಗ ಪೌಲಿನ್ ಅಂದ್ರೆ ಅಲ್ಲಿರೋರು ‘ಯಾವ ಪೌಲಿನ್ನಮ್ಮಾ?’ ಅಂತಾರೆ. ಹೋಗ್ಲಿ, ಆ ಆರ್ಡರ್ ಪುಸ್ತಕದಲ್ಲಾದ್ರೂ ಅವನ ಹೆಸರು ಇರ್ಲಿ ಬಿಡು.”

ಮೇಜಿನ ಮೇಲೆ ನಾಮಪತ್ರದ ಒಂಬತ್ತನೆಯ ಹಾಳೆಯ ನಕಲು ಬಿಡಿಸಿಟ್ಟಿದ್ದೆ. ಹನ್ನೆರಡನೆಯ ಸಾಲಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿತ್ತು: ಸ್ಟೀಫನ್ ಹುಡಾಕ್, 114, ಚೆಸ್ಟ್‌ನಟ್ ಬೀದಿ.

ಹಿಂದಿನ ಕಂತು ತಪ್ಪಿಸಿಕೊಂಡವರಿಗೆ ಇಷ್ಟು ಸಾಕು. ನಮ್ಮ ವಕೀಲೆ ಮಾರ್ಸೆಲ್ಲಾ ಯುರ್ಕಾನಿನ್ ಪೆನ್ಸಿಲ್ವೇನಿಯಾದ ಶಾಸನಸಭೆಗೆ ನಿಂತಿದ್ದಾಳೆ. ಪಕ್ಷದ ಒಂದು ಜಾಗಕ್ಕೆ ಎಂಟು ಜನ ಮುಗಿಬಿದ್ದಿದ್ದಾರೆ, ಮೇ ತಿಂಗಳಲ್ಲಿ ಪಕ್ಷದ ಮತದಾರರೇ ಒಬ್ಬರನ್ನು ಆರಿಸಬೇಕು. ಆದರೆ ಆ ಎಂಟರಲ್ಲಿ ಒಬ್ಬನಾದ ಲಿಯೋ ಶಿಮ್ಕೊ, ಊರಿನ ಶವಸಂಸ್ಕಾರದ ಮನೆಯ ಯಜಮಾನ, ಒಂಬತ್ತನೆಯ ಹಾಳೆಯಲ್ಲಿ ಸತ್ತವನ ಸಹಿ ಇದೆ, ಆ ಹಾಳೆಯೇ ಸುಳ್ಳು ಎಂದು ಅವಳ ನಾಮಪತ್ರಕ್ಕೆ ಆಕ್ಷೇಪಣೆ ಹಾಕಿಸಿದ್ದ.

ನಾಮಪತ್ರಕ್ಕೆ ಮುನ್ನೂರು ಮತದಾರರ ಸಹಿ ಬೇಕು. ಮಾರ್ಸೆಲ್ಲಾ ಕೊಟ್ಟದ್ದು ಮುನ್ನೂರ ಇಪ್ಪತ್ತಾರು. ಒಂಬತ್ತನೆಯ ಹಾಳೆಯ ಮೂವತ್ತು ಬಿದ್ದರೆ ನಾಲ್ಕು ಕಡಿಮೆ. ಅಷ್ಟೇ ಆಗಿದ್ದರೆ ಮುಂದಿನ ಸಲ ನೋಡಿಕೊಳ್ಳೋಣ ಎನ್ನಬಹುದಿತ್ತು. ‘ಇಷ್ಟೂ ಸಹಿ ನನ್ನ ಮುಂದೆಯೇ ಆದವು’ ಎಂದು ಪ್ರತಿ ಹಾಳೆಯ ಕೆಳಗೆ ಅವಳೇ ಸಹಿ ಹಾಕಿದ್ದಾಳೆ. ಅದು ಸುಳ್ಳೆಂದು ಸಾಬೀತಾದರೆ ಅವಳ ವಕೀಲಿಯೂ ಹೋಗುತ್ತದೆ. ವಿಚಾರಣೆ ನಾಳೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿ.

“ಸ್ಟೀಫನ್ ಸತ್ತಿದ್ದು ಶಿಮ್ಕೊಗೆ ಹೇಗೆ ಗೊತ್ತಾಯ್ತು ಅಂತೀಯಾ?” ಎಂದೆ.

“ಹೂತವನು ಅವನೇ ಅಲ್ವಾ!” ಪೌಲಿನ್ ಗೋಡೆಯ ಕಡೆ ತಲೆಯಾಡಿಸಿದಳು. ಅಲ್ಲಿ ಶಿಮ್ಕೊ ಕೊಡುವ ಕ್ಯಾಲೆಂಡರ್ ತೂಗುತ್ತಿತ್ತು. ನಮ್ಮೂರು ಹಾರ್ವೆಲ್‌ನಲ್ಲಿ ಆ ಕ್ಯಾಲೆಂಡರ್ ಇಲ್ಲದ ಅಡುಗೆಮನೆ ಇಲ್ಲ. ಸಂತರ ಹಬ್ಬ, ಮಾಂಸ ಬಿಡುವ ದಿನ, ಕೆಳಗೆ ಅವನ ಫೋನ್ ನಂಬರು. “ಒಳ್ಳೇ ಪೆಟ್ಟಿಗೆ, ಒಳ್ಳೇ ಹೂವು. ನನ್ನ ಹತ್ರ ಒಂದು ಕಾಸೂ ಮುಟ್ಟಲಿಲ್ಲ ಅವನು. ಮರೆಯೋಕಾಗತ್ತಾ?”

ನಾಳೆಯ ತಾರೀಕಿಗೆ ನೀಲಿ ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿತ್ತು. ಹಲ್ಲಿನ ಡಾಕ್ಟರೋ ಏನೋ ಎಂದುಕೊಂಡೆ. ಅದರ ಪಕ್ಕದ ಮೊಳೆಗೆ ಬೀಗದಕೈ ಗೊಂಚಲು, ಒಂದೊಂದಕ್ಕೂ ಒಂದೊಂದು ಬಣ್ಣದ ಉಲ್ಲನ್ ದಾರ. ಎಪ್ಪತ್ತು ದಾಟಿದರೂ ಪೌಲಿನ್ ಇನ್ನೂ ನಾಲ್ಕಾರು ಕಡೆ ನೆಲ ಒರೆಸುತ್ತಾಳೆ.

“ಮಾರ್ಸೆಲ್ಲಾ ಉಪಕಾರಾನೂ ಮರೆಯೋಕಾಗಲ್ಲ,” ಎಂದಳು ತಾನಾಗಿಯೇ. “ಸ್ಟೀಫನ್ನೂ ನಮ್ಮ ಮಗಳೂ ಆಸ್ತಿಗೆ ಕಚ್ಚಾಡಿ ಏಳು ವರ್ಷ ಮಾತಿರಲಿಲ್ಲ. ಮಾರ್ಸೆಲ್ಲಾನೇ ಇದೇ ಮೇಜಿನ ಹತ್ರ ಕೂತು ರಾಜಿ ಮಾಡಿಸಿದಳು. ಮಗಳು ಬಂದು ಅವನ ಕೈ ಹಿಡ್ಕೊಂಡು ಕೂತಿದ್ದಾಗಲೇ ಅವನ ಪ್ರಾಣ ಹೋಯ್ತು. ಬೇರೆ ವಕೀಲರಾಗಿದ್ರೆ ಕೇಸು ಎಳೀತಿದ್ರು.”

ನಾನು ಕಾಫಿ ಲೋಟವನ್ನು ನಕಲಿನ ಮೇಲೆ ಇಟ್ಟೆ. ಸುಮ್ಮನೆ ಅಲ್ಲ. ಹಾಳೆಯ ನಡುವೆ ಮಸುಕಾದ ಬೂದುಬಣ್ಣದ ಎರಡು ಉಂಗುರಗಳಿದ್ದವು, ಒಂದರ ಮೇಲೆ ಒಂದು ಅರ್ಧ ಸರಿದು ಕೂತಂತೆ. ಮೂಲ ಹಾಳೆಯ ಮೇಲೆ ಯಾರೋ ಏನೋ ಒದ್ದೆ ಇಟ್ಟಿದ್ದರು. ಲೋಟದ ತಳ ಉಂಗುರಕ್ಕಿಂತ ಚಿಕ್ಕದಾಯಿತು. ಕಾಫಿಯದಲ್ಲ.

“ಬರಹ ಚೆನ್ನಾಗಿದೆ ಅಲ್ವಾ?” ಎಂದಳು ಪೌಲಿನ್, ಸ್ಟೀಫನ್‌ನ ಹೆಸರಿನ ಮೇಲೆ ಬೆರಳಾಡಿಸುತ್ತ.

ಪಾಪ, ಮುದುಕಿ ಗಂಡನನ್ನು ನೆನೆಸಿಕೊಂಡಳು ಎಂದುಕೊಂಡೆ.

ಕಾರಿನಲ್ಲಿ ಕೂತು ಹಾಳೆಯನ್ನು ಮತ್ತೆ ನೋಡಿದೆ. ಮೂವತ್ತೊಂದು ವರ್ಷ ಈ ಊರಿನಲ್ಲಿ ಅಂಚೆ ಹಂಚಿದವನು ನಾನು. ಪತ್ತೇದಾರಿ ನನಗೆ ನಿವೃತ್ತಿಯ ನಂತರ ಹಿಡಿದ ಚಟ, ಮಾರ್ಸೆಲ್ಲಾಳ ಕಚೇರಿಗೆ ಸಮನ್ಸು ಮುಟ್ಟಿಸುತ್ತ, ಸಾಕ್ಷಿ ಹುಡುಕುತ್ತ ಬಂದದ್ದು. ಬುದ್ಧಿವಂತ ಅಂತ ಹೇಳಿಕೊಳ್ಳುವುದಿಲ್ಲ. ಮನೆ ನಂಬರು ಮಾತ್ರ ಚೆನ್ನಾಗಿ ಓದುತ್ತೇನೆ.

ಆಂಬುಲೆನ್ಸ್‌ನವರಿಗೆ ಅನುಕೂಲವಾಗಲಿ ಎಂದು ಒಂಬತ್ತು ವರ್ಷದ ಹಿಂದೆ ಊರಿನ ಮನೆಗಳಿಗೆಲ್ಲ ಹೊಸ ನಂಬರು ಕೊಟ್ಟರು. ಈ ಹಾಳೆಯಲ್ಲಿ ಇಪ್ಪತ್ತೊಂಬತ್ತು ಮನೆಗಳಿಗೆ ಹಳೆಯ ನಂಬರೇ ಇದೆ. ಸ್ಟೀಫನ್ ಒಬ್ಬನದು ಹೊಸದು. ಏಕೆಂದು ತಿಳಿಯಲಿಲ್ಲ.

ಇನ್ನೊಂದು. ಮೂವತ್ತರಲ್ಲಿ ಇಪ್ಪತ್ತಾರು ಗಂಡಸರು. ಹಾಳೆಯ ತಾರೀಕು ಫೆಬ್ರವರಿಯ ಕೊನೆಯ ಶುಕ್ರವಾರ, ಸಹಿ ತೆಗೆದುಕೊಂಡ ಜಾಗ ಚರ್ಚ್ ಹಾಲಿನ ಪಿರೋಗಿ ಸಾಲು. ನಮ್ಮ ಗಂಡಸರು ಪಿರೋಗಿ ತಿನ್ನಲು ಮುಂದು, ಸಾಲಿನಲ್ಲಿ ನಿಲ್ಲಲು ಹಿಂದು. ಇಪ್ಪತ್ತಾರು ಗಂಡಸರನ್ನು ಆ ಸಾಲಿನಲ್ಲಿ ನಾನು ಜನ್ಮದಲ್ಲಿ ನೋಡಿಲ್ಲ.

ಪೌಲಿನ್ ಹೇಳಿದ್ದು ಆಗ ನಾಟಿತು. ಗಂಡನ ಹೆಸರಲ್ಲಿ ತರಿಸುವುದು ಅವಳೊಬ್ಬಳೇ ಅಲ್ಲ, ಈ ಕಣಿವೆಯ ಹೆಂಗಸರೆಲ್ಲ. ಇದು ಸಹಿ ಹಾಕಿದವರ ಪಟ್ಟಿಯೇ ಅಲ್ಲ. ಪಿರೋಗಿ ತರಿಸಿದವರ ಪಟ್ಟಿ.

ಎರಡು ದಿನದ ಹಿಂದೆ ಮಾರ್ಸೆಲ್ಲಾ ಹೇಳಿದ್ದ ಮಾತೂ ನೆನಪಾಗಿ ಮನಸ್ಸು ಕಹಿಯಾಯಿತು. “ಬ್ಯಾಸಿಲ್, ಆ ಒಂಬತ್ತನೇ ಹಾಳೆ ತಂಟೆಗೆ ನೀವು ಹೋಗ್ಬೇಡಿ. ದಯವಿಟ್ಟು ಬಿಟ್ಬಿಡಿ.” ಏನನ್ನೂ ಬಿಡದ ಹೆಂಗಸು ಹೀಗೆ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ.

ಅವಳನ್ನು ಅನುಮಾನಿಸುವ ಯೋಗ್ಯತೆ ನನಗಿಲ್ಲ. ನನ್ನ ಮನೆಯ ಕೆಳಗೆ ಹಳೆಯ ಕಲ್ಲಿದ್ದಲ ಗಣಿ. ಆರು ವರ್ಷದ ಹಿಂದೆ ನೆಲ ಕುಸಿಯತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಗೋಲಿ ಇಟ್ಟರೆ ಅದು ಉರುಳಿಕೊಂಡು ಹೋಗಿ ಒಲೆಗೆ ಟಪ್ಪೆಂದು ಬಡಿಯುತ್ತಿತ್ತು. ವಿಮೆಯವರು ‘ಮನೆಗೆ ವಯಸ್ಸಾಗಿದೆ’ ಎಂದರು. ಮಾರ್ಸೆಲ್ಲಾ ಹದಿನಾಲ್ಕು ತಿಂಗಳು ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಹಣ ಬಂತು, ನೆಲ ಸಮವಾಯಿತು. ಈಗಲೂ ಬೆಳಿಗ್ಗೆ ಎದ್ದು ಗೋಲಿ ಇಟ್ಟು ನೋಡುತ್ತೇನೆ. ಅದು ಇಟ್ಟಲ್ಲೇ ನಿಲ್ಲುತ್ತದೆ. ನಿಂತಾಗಲೆಲ್ಲ ಅವಳ ಹೆಸರು ಹೇಳಿ ಶಿಲುಬೆ ಹಾಕಿಕೊಳ್ಳುತ್ತೇನೆ.

ಅವಳು ಶುಲ್ಕ ಮುಟ್ಟಲಿಲ್ಲ. “ನಿಮ್ಮ ಬೀಟ್‌ರೂಟ್ ಉಪ್ಪಿನಕಾಯಿ ಚೆನ್ನಾಗಿರತ್ತಂತೆ, ತಿಂಗಳಿಗೊಂದು ಜಾಡಿ ಕೊಡಿ,” ಎಂದಳು. ಕೊಡುತ್ತ ಬಂದಿದ್ದೇನೆ. ಅವಳು ಶಾಸನಸಭೆಗೆ ನಿಂತದ್ದೂ ಈ ಗಣಿಯ ಮೇಲಿನ ಮನೆಗಳಿಗಾಗಿಯೇ. ನನ್ನ ಮನೆಯಂಥ ನಾನೂರು ಮನೆಗಳ ನೆಲ ಇನ್ನೂ ಓರೆಯಾಗಿದೆ.

ಪ್ರಾರ್ಥನೆ ಮುಗಿದು ಚರ್ಚ್ ಖಾಲಿಯಾಗಿತ್ತು. ನೆಲಮಾಳಿಗೆಯ ಅಡುಗೆಮನೆಯಲ್ಲಿ ಓಲ್ಗಾ ಫೆಡೊರ್ಚಾಕ್ ಒಬ್ಬಳೇ ಹಂಡೆ ಉಜ್ಜುತ್ತಿದ್ದಳು. ಎಪ್ಪತ್ತೊಂಬತ್ತು ವಯಸ್ಸು, ಪಿರೋಗಿ ಹೆಂಗಸರ ಯಜಮಾನಿ. ಪಾದ್ರಿಗಳೂ ಅವಳನ್ನು ಕೇಳಿಯೇ ಒಲೆ ಹಚ್ಚುತ್ತಾರೆ.

“ಓಲ್ಗಕ್ಕ, ಆರ್ಡರ್ ಪುಸ್ತಕ ಸ್ವಲ್ಪ ಕೊಡ್ತೀಯಾ?”

“ಇವತ್ತು ಭಾನುವಾರ. ಹಸಿವಾಗಿದ್ರೆ ಮನೇಲಿ ಬ್ರೆಡ್ ತಿನ್ನು.”

“ಓದೋಕೆ.”

“ಪಿರೋಗಿ ಪುಸ್ತಕ ಓದ್ತಾನಂತೆ! ಪೋಸ್ಟ್‌ಕಾರ್ಡ್ ಓದೋ ಚಟ ಇನ್ನೂ ಬಿಟ್ಟಿಲ್ವೇನೋ ನೀನು?”

ಪುಸ್ತಕ ಫೋನಿನ ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿತ್ತು. ನಾನೇ ತೆಗೆದೆ. ಅವಳ ಕೈ ಹಂಡೆಯೊಳಗೇ ನಿಂತಿತು.

ಫೆಬ್ರವರಿಯ ಕೊನೆಯ ಶುಕ್ರವಾರದ ಪುಟ. ಯಾರು ಮೊದಲು ಫೋನ್ ಮಾಡಿದರೋ ಆ ಕ್ರಮದಲ್ಲಿ ಹೆಸರುಗಳು. ಪುಟದ ಮೇಲೆ ದಪ್ಪ ಅಕ್ಷರದಲ್ಲಿ: ‘ಮಂಜುಗಡ್ಡೆ. ಹಾಲ್ ಮುಚ್ಚಿದೆ. ಶನಿವಾರ ಬನ್ನಿ.’ ಪಕ್ಕದಲ್ಲಿ ನಕಲು ಇಟ್ಟೆ. ಒಂದರಿಂದ ಮೂವತ್ತರವರೆಗೆ ಅದೇ ಹೆಸರು, ಅದೇ ಕ್ರಮ, ಹನ್ನೆರಡನೆಯ ಸಾಲಿನದೊಂದು ಬಿಟ್ಟು ಅದೇ ಹಳೆಯ ಮನೆ ನಂಬರುಗಳು.

“ಹಾಲ್ ಮುಚ್ಚಿದ್ದ ದಿನ ಇಲ್ಲಿ ಮೂವತ್ತು ಜನ ಹೇಗೆ ಸಹಿ ಹಾಕಿದ್ರು ಓಲ್ಗಕ್ಕ?”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನಾನೇ ಹೋಗಿ ನಿಲ್ಲಿಸಿದೆ.

“ನಿನ್ನ ಕೈಯೇ ತಾನೇ?”

“ಹೂಂ. ನನ್ನ ಕೈಯೇ.” ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕುಕ್ಕರಿಸಿದಳು. “ಮಾರ್ಸೆಲ್ಲಾಗೆ ಮಾತು ಕೊಟ್ಟಿದ್ದೆ ಕಣೋ. ‘ಶುಕ್ರವಾರ ನೀನು ಬಂದು ಸಾಲಿನ ಹತ್ರ ನಿಂತ್ಕೊ, ಪಿರೋಗಿ ಬೇಕಂದ್ರೆ ಮೊದಲು ಸಹಿ ಅಂತೀನಿ, ಒಂದು ಹಾಳೆ ತುಂಬಿಸ್ಕೊಡೋದು ನನ್ನ ಜವಾಬ್ದಾರಿ’ ಅಂದಿದ್ದೆ. ಖಾಲಿ ಹಾಳೆ ನನ್ನ ಹತ್ರಾನೇ ಬಿಟ್ಟಿದ್ದಳು. ಆ ಹಾಳಾದ ಮಂಜು ಅವತ್ತೇ ಬೀಳಬೇಕಾ?”

“ಶನಿವಾರ ಬಂದವರ ಹತ್ರ ಕೇಳಬಹುದಿತ್ತು.”

“ಶನಿವಾರ ಡಬ್ಬಿ ತಗೊಂಡು ಓಡಿದ್ರು ಎಲ್ಲ, ರಸ್ತೆ ಜಾರ್ತಿತ್ತು. ನನ್ನ ಗಂಡ ಮೈಕ್ ಬದುಕಿದ್ದಾಗ ಪಿಂಚಣಿಗೆ ಒಂಬತ್ತು ವರ್ಷ ಅಲೆದಿದೀವಿ. ‘ಗಣಿ ಧೂಳಲ್ಲ, ಸಿಗರೇಟು’ ಅಂತ ವಾಪಸ್ ಕಳಿಸೋರು. ಎದೆ ಸುಯ್ಯ್ ಸುಯ್ಯ್ ಅಂತಿದ್ದ ಮನುಷ್ಯ. ಮಾರ್ಸೆಲ್ಲಾ ಹೋರಾಡಿ ಪಿಂಚಣಿ ಕೊಡಿಸಿದಳು. ಆ ಪತ್ರಾನ ತಲೆದಿಂಬಿನ ಕೆಳಗೆ ಇಟ್ಕೊಂಡೇ ಸತ್ತ ಅವನು. ಅಂಥವಳಿಗೆ ಮೂವತ್ತು ಹೆಸರು ಕೊಡೋಕಾಗಲಿಲ್ಲ ಅಂದ್ರೆ ನಾನು ಮನುಷ್ಯಳಾ? ಹೇಗೂ ಕೇಳಿದ್ರೆ ಎಲ್ರೂ ಹಾಕೋರೇ! ಸುಳ್ಳೇನು ಬಂತು ಅದರಲ್ಲಿ?”

“ಒಂದೇ ಕೈ ಅಂತ ಗೊತ್ತಾಗಲ್ವಾ?”

ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಮಿಂಚಿತು. “ಮೂರು ಪೆನ್ನು, ಎರಡು ಕೈ. ಪೋಲಂಡಿನವರ ಹೆಸರೆಲ್ಲ ಎಡಗೈಲಿ ಬರೆದೆ. ಅವರ ಬರಹ ಹೇಗೂ ಹಾಗೇ ಇರತ್ತೆ.”

ನಗಬಾರದೆಂದರೂ ನಗು ಬಂತು.

“ಸತ್ತವನ ಹೆಸರನ್ನೂ ಬರೆದ್ಯಲ್ಲಕ್ಕ.”

“ಯಾವ ಸತ್ತವನು?”

“ಸ್ಟೀಫನ್ ಹುಡಾಕ್. ಹನ್ನೆರಡನೇ ಸಾಲು.”

“ನಾನು ಬರೆದಿಲ್ಲ.” ಸ್ಟೂಲಿನಿಂದ ಎದ್ದೇ ಬಿಟ್ಟಳು. “ಅವನ ಪೆಟ್ಟಿಗೆ ಹಿಂದೆ ಹಾಡ್ಕೊಂಡು ಸ್ಮಶಾನದವರೆಗೆ ನಡೆದವಳು ನಾನು. ಸತ್ತವನ ಹೆಸರು ಹಾಕ್ತೀನಾ? ಆ ಸಾಲು ಖಾಲಿ ಬಿಟ್ಟೆ. ದೇವರಾಣೆ.”

ನಾನು ನಂಬಲಿಲ್ಲ. ಇಪ್ಪತ್ತೊಂಬತ್ತು ಒಪ್ಪಿಕೊಂಡವರು ಮೂವತ್ತನೆಯದಕ್ಕೆ ನಾಚಿಕೊಳ್ಳುವುದು ಇದ್ದದ್ದೇ.

“ಆಯ್ತು. ಆಮೇಲೆ ಹಾಳೆ ಮಾರ್ಸೆಲ್ಲಾ ಕೈಗೆ ಕೊಟ್ಟೆ. ಹೇಗೆ ತುಂಬಿಸಿದ್ದು ಅಂತ ಅವಳಿಗೆ ಹೇಳಲಿಲ್ಲ. ಹೌದಾ?”

“ಹೇಳದೆ ಇರ್ತೀನಾ? ನಾಲ್ಕು ದಿನ ನಿದ್ದೆ ಬರಲಿಲ್ಲ ಕಣೋ. ಬುಧವಾರ ಹೋಗಿ ಎಲ್ಲ ಹೇಳ್ಕೊಂಡು ಅತ್ತೆ. ಅವಳು ನನ್ನ ಹಣೆಗೆ ಮುತ್ತಿಟ್ಟಳು. ‘ಇದು ಹೋಗಲ್ಲ ಓಲ್ಗಕ್ಕ, ಇದು ನನ್ನ ಹತ್ರಾನೇ ಇರತ್ತೆ’ ಅಂದು ಮಡಚಿ ಕಿಟಕಿ ಮೇಲೆ ಇಟ್ಟಳು. ಅಲ್ಲಿ ನಿನ್ನ ಬೀಟ್‌ರೂಟ್ ಜಾಡಿ ಇತ್ತಲ್ಲ, ಅದರ ಕೆಳಗೆ. ಆಮೇಲೆ ಅದು ಹ್ಯಾರಿಸ್‌ಬರ್ಗ್‌ಗೆ ಹೇಗೆ ಹೋಯ್ತೋ, ಯಾವ ಪಾಪಿ ತಗೊಂಡು ಹೋದ್ನೋ! ಸಿಕ್ಕಿದ್ರೆ ಈ ಸೌಟಲ್ಲೇ ನಾಲ್ಕು ಬಾರಿಸ್ತೀನಿ.”

ನನ್ನ ಕಾಲ ಕೆಳಗಿನ ನೆಲ ಮತ್ತೊಮ್ಮೆ ಕುಸಿಯಿತು. ಈ ಸಲ ಗಣಿಯ ತಪ್ಪಲ್ಲ.

ಆ ಪಾಪಿ ನಾನೇ.

ಅಂದು ಮಂಗಳವಾರ, ನಾಮಪತ್ರ ಸಲ್ಲಿಸುವ ಕೊನೆಯ ದಿನ. ಬೆಳಿಗ್ಗೆ ಏಳಕ್ಕೆ ನನ್ನ ಬೀಗದಕೈಯಿಂದ ಕಚೇರಿ ತೆಗೆದು ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಜೋಡಿಸಿದೆ. ಕಿಟಕಿಯ ಮೇಲೆ ನನ್ನ ಜಾಡಿ ಕಂಡಿತು, ಅದರ ಕೆಳಗೆ ತುಂಬಿದ ಹಾಳೆಯೊಂದು. ಅಯ್ಯೋ, ಇದನ್ನು ಮರೆತಿದ್ದಾಳಲ್ಲ ಎಂದು ಜಾಡಿ ಎತ್ತಿ, ಮಡಿಕೆ ಬಿಡಿಸಿ, ನಡುವೆ ಸೇರಿಸಿದೆ. ಎಷ್ಟು ಹೆಮ್ಮೆಪಟ್ಟುಕೊಂಡೆ! ಈ ಮುದುಕ ಇಲ್ಲದಿದ್ದರೆ ಮೂವತ್ತು ಸಹಿ ಕಿಟಕಿಯಲ್ಲೇ ಉಳಿಯುತ್ತಿತ್ತು ಎಂದುಕೊಂಡೆ.

ಎಂಟಕ್ಕೆ ಮಾರ್ಸೆಲ್ಲಾ ನ್ಯಾಯಾಲಯದ ಅಂಗಳಕ್ಕೆ ಓಡಿ ಬಂದಳು. ಒಳಗೆ ಮನೆ ಖಾಲಿ ಮಾಡಿಸುವ ಕೇಸು, ಹೊರಗೆ ಚಳಿಗಾಳಿ. ನನ್ನ ಕಾರಿನ ಬಾನೆಟ್ ಮೇಲೆ ಹಾಳೆಗಳನ್ನಿಟ್ಟು, ಹಾರದಂತೆ ಕೈಗವಸು ಒತ್ತಿ ಹಿಡಿದು, “ಸಹಿ ಇಲ್ಲಿ, ಇಲ್ಲಿ, ಇಲ್ಲಿ,” ಎಂದೆ. ಅವಳು ನನ್ನ ಬೆರಳು ನೋಡಿದಳೇ ಹೊರತು ಹಾಳೆ ನೋಡಲಿಲ್ಲ. ನನ್ನ ಬೆರಳಿನ ಮೇಲೆ ಅಷ್ಟು ನಂಬಿಕೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಊರೆಲ್ಲ ಕಳ್ಳನನ್ನು ಹುಡುಕಿದ್ದೆ.

“ಏನಾಯ್ತೋ? ಮುಖ ಯಾಕೆ ಹಾಗಾಯ್ತು?” ಎಂದಳು ಓಲ್ಗಾ. “ನೀನೇನೂ ಹೆದರ್ಬೇಡ. ನಾಳೆ ನಾನೇ ಬಂದು ಜಡ್ಜ್ ಮುಂದೆ ಹೇಳ್ತೀನಿ. ಬರೆದವಳು ನಾನು, ಬುಧವಾರಾನೇ ಮಾರ್ಸೆಲ್ಲಾಗೆ ಎಲ್ಲಾ ಹೇಳಿದೀನಿ, ಅವಳದ್ದೇನೂ ತಪ್ಪಿಲ್ಲ ಅಂತ.”

“ಬೇಡಕ್ಕ!” ಎಂದು ಕಿರುಚಿದೆ. ಆ ಮಾತೇ ಮಾರ್ಸೆಲ್ಲಾಳ ಕೊರಳಿಗೆ ಹಗ್ಗ. ಸುಳ್ಳು ಹಾಳೆ ಎಂದು ಬುಧವಾರವೇ ತಿಳಿದಿತ್ತು, ತಿಳಿದೂ ಮುಂದಿನ ಮಂಗಳವಾರ ಸಹಿ ಹಾಕಿದಳು ಎಂದಾಗುತ್ತದೆ. ಅದನ್ನು ಓಲ್ಗಾಳಿಗೆ ಹೇಗೆ ಬಿಡಿಸಿ ಹೇಳಲಿ? “ನೀನು ಎಲ್ಲಿಗೂ ಬರ್ಬೇಡ. ನನಗೆ ಮಾತು ಕೊಡು,” ಎಂದು ಅವಳ ಒದ್ದೆ ಕೈ ಹಿಡಿದುಕೊಂಡೆ. ಅವಳು ಕೊಡಲಿಲ್ಲ.

ಮುಖ್ಯಬೀದಿಯ ಮಹಡಿಯ ಮೇಲೆ ಮಾರ್ಸೆಲ್ಲಾಳ ಕಚೇರಿ. ಭಾನುವಾರವಾದರೂ ಒಳಗಿದ್ದಳು, ದೀಪ ಹಾಕದೆ, ಕಿಟಕಿಯ ಬೆಳಕಿನಲ್ಲಿ. ಮೇಜಿನ ಮೇಲೆ ಅಂಟಿಸಿದ ಲಕೋಟೆಯೊಂದು. ನಾನು ಬಾಗಿಲು ಹಾಕಿಕೊಂಡು ಒಳಗೆ ಹೋದೆ.

“ಆ ಹಾಳೆ ಸೇರಿಸಿದವನು ನಾನೇ ವಕೀಲಮ್ಮ,” ಎಂದೆ. ಕೂರುವಷ್ಟೂ ಕಾಯಲಿಲ್ಲ.

“ಗೊತ್ತು. ಕೂತ್ಕೊಳ್ಳಿ ಬ್ಯಾಸಿಲ್.”

“ಯಾವಾಗಿಂದ?”

“ಆಕ್ಷೇಪಣೆ ಜೊತೆ ನಕಲು ಬಂತಲ್ಲ, ಆಗಲೇ. ಉಂಗುರ ನೋಡಿದೆ. ನಿಮ್ಮ ಜಾಡಿ ಯಾವಾಗಲೂ ಸ್ವಲ್ಪ ಸೋರತ್ತೆ. ಅದನ್ನ ಎತ್ತಿ ಹಾಳೆ ತಗೊಳ್ಳೋರು ಇನ್ಯಾರು? ಅದಕ್ಕೇ ಬಿಟ್ಬಿಡಿ ಅಂದೆ. ನೀವು ಎಲ್ಲಿ ಬಿಡ್ತೀರಿ!”

“ಹರಿದು ಹಾಕಬಾರದಿತ್ತಾ ಅದನ್ನ?”

“ಹರಿಯೋಕೆ ಮನಸ್ಸು ಬರಲಿಲ್ಲ.” ಅವಳು ಕಿಟಕಿಯ ಕಡೆ ತಿರುಗಿದಳು. “ಎಪ್ಪತ್ತೊಂಬತ್ತು ವರ್ಷದ ಹೆಂಗಸು ಅಡುಗೆ ಮೇಜಿನ ಮುಂದೆ ಕೂತು ನನಗೋಸ್ಕರ ಎಡಗೈಲಿ ಬರೆದಿದಾಳೆ. ನನಗೆ ಯಾರೂ ಅಷ್ಟು ಉದ್ದದ ಪ್ರೇಮಪತ್ರ ಬರೆದಿರಲಿಲ್ಲ ಬ್ಯಾಸಿಲ್.”

ನಾನು ಕುರ್ಚಿ ಎಳೆದುಕೊಂಡು ಕೂತೆ.

“ನಾಳೆ ಕಟಕಟೆ ಹತ್ತಿ ನಾನು ಹೇಳ್ತೀನಿ,” ಎಂದೆ.

“ಹೇಳಿ. ‘ಹಾಳೆ ಬರೆದವರು ಯಾರು?’ ಅನ್ನೋದೇ ಮುಂದಿನ ಪ್ರಶ್ನೆ. ಓಲ್ಗಕ್ಕನ ಹೆಸರು ಹೇಳ್ತೀರಾ? ಇಪ್ಪತ್ತೊಂಬತ್ತು ಕಳ್ಳಸಹಿ. ಈ ವಯಸ್ಸಲ್ಲಿ ಪೊಲೀಸು, ಕೋರ್ಟು ಅಂತ ಅಲೀಬೇಕಾ ಅವಳು?” ಲಕೋಟೆಯನ್ನು ನನ್ನ ಕಡೆ ತಳ್ಳಿದಳು. “ಇದರಲ್ಲಿ ನಾನು ಚುನಾವಣೆಯಿಂದ ಹಿಂದೆ ಸರಿಯೋ ಪತ್ರ ಇದೆ. ನಾಳೆ ಒಂಬತ್ತರೊಳಗೆ ಮುಟ್ಟಿಸಿ. ವಿಚಾರಣೆ ನಡೆಯಲ್ಲ, ಯಾರನ್ನೂ ಯಾರೂ ಏನೂ ಕೇಳಲ್ಲ. ನಾಮಪತ್ರ ತಗೊಂಡು ಹೋದವರು ನೀವೇ, ಇದನ್ನೂ ನೀವೇ ತಗೊಂಡು ಹೋಗಿ.”

“ನಾನೂರು ಮನೆ ವಕೀಲಮ್ಮ...”

“ನನಗೂ ಲೆಕ್ಕ ಬರತ್ತೆ,” ಎಂದಳು. ಅವಳ ದನಿ ಮೊದಲ ಸಲ ಒಡೆಯಿತು. “ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಕಕ್ಷಿದಾರರಿಗೆಲ್ಲ ಓದಿ ಸಹಿ ಹಾಕಿ ಅಂತ ಬೈಯೋಳು ನಾನೇ. ಓಲ್ಗಕ್ಕ ಸ್ಟೀಫನ್ ಹೆಸರೊಂದು ಬಿಟ್ಟಿದ್ರೆ ಶಿಮ್ಕೊಗೆ ಹಿಡಿಯೋಕೆ ತುದಿಯೇ ಸಿಗ್ತಿರಲಿಲ್ಲ.”

“ಬಿಟ್ಟಿದ್ದಳಂತೆ,” ಎಂದೆ. “ಆ ಸಾಲು ಖಾಲಿ ಇಟ್ಟೆ ಅಂತ ಆಣೆ ಇಡ್ತಾಳೆ.”

ಮಾರ್ಸೆಲ್ಲಾ ನಿಧಾನಕ್ಕೆ ತಲೆಯೆತ್ತಿದಳು. “ಖಾಲಿ... ಹೌದು. ನಡುವೆ ಒಂದು ಸಾಲು ಖಾಲಿ ಇತ್ತು ಬ್ಯಾಸಿಲ್. ಮಡಚುವಾಗ ನೋಡಿದೆ. ಕೈ ಸೋತು ಬಿಟ್ಟಿರಬೇಕು ಅಂದ್ಕೊಂಡಿದ್ದೆ.”

ನಾನು ಕಿಟಕಿಗೆ ಹೋಗಿ ಜಾಡಿ ತಂದೆ. ಅದೇ ಜಾಡಿ, ಅರ್ಧ ಖಾಲಿಯಾಗಿತ್ತು. ನಕಲಿನ ಮೇಲೆ ಇಟ್ಟೆ. ಒಂದು ಉಂಗುರದ ಮೇಲೆ ಅಳತೆ ಮಾಡಿದಂತೆ ಕೂತಿತು. ಒಂದು ಬೆರಳಿನಷ್ಟು ಸರಿಸಿದೆ. ಎರಡನೆಯದರ ಮೇಲೂ ಹಾಗೆಯೇ ಕೂತಿತು.

“ನೀವು ಹಾಳೆ ಮೇಲೆ ಜಾಡಿ ಎಷ್ಟು ಸಲ ಇಟ್ರಿ ವಕೀಲಮ್ಮ?”

“ಒಂದೇ ಸಲ. ಆಮೇಲೆ ಮುಟ್ಟೇ ಇಲ್ಲ.”

“ನಾನು ಒಂದೇ ಸಲ ಎತ್ತಿದೆ. ಹಾಳೆ ಮೇಲೆ ವಾಪಸ್ ಇಡಲಿಲ್ಲ.” ಎರಡೂ ಉಂಗುರಗಳ ಮೇಲೆ ಬೆರಳಿಟ್ಟೆ. “ಮತ್ತೆ ಉಂಗುರ ಎರಡು ಹೇಗೆ ಬಂತು? ಬುಧವಾರಕ್ಕೂ ಮಂಗಳವಾರಕ್ಕೂ ನಡುವೆ ಯಾರೋ ಜಾಡಿ ಎತ್ತಿ, ಖಾಲಿ ಸಾಲು ತುಂಬಿಸಿ, ಮತ್ತೆ ಇಟ್ಟಿದಾರೆ.”

“ಬಾಗಿಲಿಗೆ ಬೀಗ ಇರತ್ತೆ. ಬೀಗದಕೈ ಇರೋದು ಮೂರೇ. ನಂದು, ನಿಮ್ಮದು...”

ಮೂರನೆಯದನ್ನು ನಾನು ಬೆಳಿಗ್ಗೆಯಷ್ಟೇ ನೋಡಿದ್ದೆ. ಮೊಳೆಗೆ ತೂಗುವ ಗೊಂಚಲು, ಬಣ್ಣದ ದಾರಗಳು. ಕಚೇರಿಯ ನೆಲ ಒರೆಸುವ ದಿನ ಗುರುವಾರ. ಪಿರೋಗಿ ತರಿಸುವವರ ಹೆಸರುಗಳನ್ನು ನೋಡಿದೊಡನೆ ಗುರುತಿಸಿ, ತನ್ನ ಗಂಡ ಇರಬೇಕಾದ ಸಾಲೊಂದೇ ಖಾಲಿ ಇದೆ ಎಂದು ತಿಳಿಯಬಲ್ಲವಳು. 114 ಎಂಬ ಹೊಸ ನಂಬರಿನ ಮನೆಯಲ್ಲಿ ದಿನಾ ಬಾಗಿಲು ತೆಗೆಯುವವಳು. ‘ಬರಹ ಚೆನ್ನಾಗಿದೆ ಅಲ್ವಾ?’ ಎಂದು ಬೆರಳಾಡಿಸಿದವಳು.

“ಪೌಲಿನ್,” ಎಂದೆ.

“ಸ್ಟೀಫನ್ ಒಬ್ಬ ಯಾಕೆ ಬಿಟ್ಟುಹೋಗಬೇಕು ಅಂತ ಬರೆದಿರ್ತಾಳೆ ಪಾಪ,” ಎಂದಳು ಮಾರ್ಸೆಲ್ಲಾ. ಅವಳ ಕಣ್ಣು ತುಂಬಿತ್ತು. “ಅದೂ ಪ್ರೀತಿಯಿಂದಲೇ.”

ನನಗೂ ಹಾಗೆ ನಂಬಬೇಕೆನಿಸಿತು. ಆದರೆ ಬೆಳಿಗ್ಗೆ ಕೇಳಿದ ಇನ್ನೊಂದು ಮಾತು ಎದೆಯಲ್ಲಿ ಮುಳ್ಳಾಡಿತು. ಒಳ್ಳೇ ಪೆಟ್ಟಿಗೆ, ಒಳ್ಳೇ ಹೂವು, ಒಂದು ಕಾಸೂ ಮುಟ್ಟಲಿಲ್ಲ.

“ನಾಳೆ ಶಿಮ್ಕೊ ಕಡೆ ಸಾಕ್ಷಿ ಯಾರ್ಯಾರು?”

ಮಾರ್ಸೆಲ್ಲಾ ಫೈಲು ತೆಗೆದಳು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಅವಳು ಅದನ್ನು ಓದಲಿಲ್ಲ, ಕಾಗದವನ್ನು ನನ್ನ ಕಡೆ ತಿರುಗಿಸಿದಳಷ್ಟೆ. ಪೌಲಿನ್ ಮನೆಯ ಕ್ಯಾಲೆಂಡರಿನ ಮೇಲಿನ ನೀಲಿ ಸೊನ್ನೆ ಹಲ್ಲಿನ ಡಾಕ್ಟರಿಗಾಗಿ ಇರಲಿಲ್ಲ.

ಇಬ್ಬರ ಋಣ ಹೊತ್ತ ಹೆಂಗಸು. ಒಬ್ಬಳು ಅವಳ ಮಗಳನ್ನು ಮನೆಗೆ ಕರೆತಂದವಳು, ಇನ್ನೊಬ್ಬ ಅವಳ ಗಂಡನನ್ನು ಗೌರವದಿಂದ ಕಳಿಸಿಕೊಟ್ಟವನು. ಆ ಗುರುವಾರ ಪೆನ್ನು ಹಿಡಿದಾಗ ಅವಳು ನೆನೆದದ್ದು ಇವರಲ್ಲಿ ಯಾರನ್ನು?

ಕೆಳಗೆ ಕಾರು ನಿಂತ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಶಿಮ್ಕೊನ ಉದ್ದನೆಯ ಕಪ್ಪು ಕಾರು. ಅವನು ಇಳಿಯಲಿಲ್ಲ. ಇನ್ನೊಂದು ಬಾಗಿಲು ತೆರೆದು, ಚರ್ಚಿನ ಟೋಪಿ ಹಾಕಿಕೊಂಡ ಪೌಲಿನ್ ಇಳಿದಳು. ತಲೆಯೆತ್ತಿ ನಮ್ಮ ಕಿಟಕಿ ನೋಡಿದಳು. ದೀಪವಿಲ್ಲದ್ದರಿಂದ ಯಾರೂ ಇಲ್ಲವೆಂದುಕೊಂಡಿರಬೇಕು.

ಮಾರ್ಸೆಲ್ಲಾ ನನ್ನ ತೋಳು ಹಿಡಿದುಕೊಂಡಳು. ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು. ಮೂವತ್ತೊಂದು ವರ್ಷ ನನಗೆ ಬಾಗಿಲು ತೆಗೆದ ಹೆಂಗಸು. ಭಾನುವಾರ ಅವಳು ಎಂದೂ ಕೆಲಸಕ್ಕೆ ಬಂದವಳಲ್ಲ.

ಅವಳು ಬಾಗಿಲು ತಟ್ಟಲಿಲ್ಲ. ಬೀಗದಲ್ಲಿ ಮೂರನೆಯ ಬೀಗದಕೈ ತಿರುಗಿತು.